ದೋಣಿಗೆ ತಕ್ಕ ಹಲಗೆ

ಭೋರ್ ಕಡೆಯ ಅಣೆಕಟ್ಟಿನ ಹಿನ್ನೀರಿನಲ್ಲಿ ದೋಣಿ ನಡೆಸುವ ಧೋಂಡಿಬಾ ಸೋಮವಾರ ಬೆಳಿಗ್ಗೆಯೇ ಪುಣೆಗೆ ಬಂದು, ಬಡಗಿ ಮುರುಗೆಪ್ಪನ ಮುಂದೆ ದೋಣಿಯ ತಳದಿಂದ ಕಿತ್ತುಬಂದ ಒಂದು ಪ್ಲೈವುಡ್ ತುಂಡು ಇಟ್ಟ.

"ನಡುನೀರಾಗ ದೋಣಿ ಬಂಡೆಗಲ್ಲಿಗೆ ಬಡೀತ್ರಿ ಮಿಸ್ತ್ರಿ," ಎಂದು ಮರಾಠಿಯಲ್ಲಿ ಹೇಳಿದ. "ತಳ ಬಿಟ್ಟುಕೊಂಡು ನೀರು ನುಗ್ಗಿತು. ಹನ್ನೊಂದು ಮಂದಿ ಇದ್ವಿ. ಹಾಲಿನ ಕ್ಯಾನಿಲೇ ನೀರು ಎತ್ತಿ ಚೆಲ್ಲಿ ಹೆಂಗೋ ದಂಡಿ ಮುಟ್ಟಿದ್ವಿ. ಇನ್ನೊಂದು ತ್ಯಾಪಿ ಹಾಕಿಕೊಡ್ರಿ."

ಹೋದ ಬೇಸಿಗೆಯಲ್ಲಿ ಆ ತೇಪೆ ಹಾಕಿದವನು ಮುರುಗೆಪ್ಪನೇ. ತುಂಡನ್ನು ತಿರುವಿ ನೋಡಿದ. ಕಲ್ಲು ಬಡಿದ ಗುರುತು ಎಲ್ಲೂ ಇರಲಿಲ್ಲ. ಅಂಚಿನಲ್ಲಿ ಪದರಗಳು ಬೆರಳು ಹೋಗುವಷ್ಟು ಬಿಟ್ಟುಕೊಂಡಿದ್ದವು.

"ಸಾಮಾನು ಹುಡುಕಿ ಬರ್ತೀನಿ," ಎಂದಷ್ಟೇ ಹೇಳಿ ಕಳಿಸಿದ.

ಅಂಗಡಿಯ ಅಟ್ಟದಲ್ಲಿ ಅದೇ ಪ್ಲೈವುಡ್ ಹಾಳೆಯ ಚೂರೊಂದು ಉಳಿದಿತ್ತು. ಮನೆಗೆ ಒಯ್ದು ಒಲೆಯ ಮೇಲೆ ನೀರಿಟ್ಟು ಅದರಲ್ಲಿ ಮುಳುಗಿಸಿದ.

"ಏನ್ರಿ ಅದು, ಕಟ್ಟಿಗಿ ಕುದಸಾಕ್ಹತ್ತೀರಿ?" ಎಂದಳು ಹೆಂಡತಿ ಚನ್ನಬಸವ್ವ.

"ದೋಣಿಗೆ ಹಾಕೋ ಪ್ಲೈ ಕುದಿಸಿದ್ರೂ ಪದರ ಬಿಡಬಾರದು. ಅದ ಪರೀಕ್ಷೆ."

ಮಧ್ಯಾಹ್ನದ ಊಟಕ್ಕೆ ಮೊದಲೇ ಪದರಗಳು ಬೇರೆಬೇರೆಯಾಗಿ ತೇಲಿದವು. ನೀರಿಗೆ ಜಗ್ಗುವುದಿಲ್ಲ ಎಂಬ ಮುದ್ರೆಯಿದ್ದ ಮೇಲಿನ ಪದರವೂ ಸುರುಳಿ ಸುತ್ತಿಕೊಂಡಿತ್ತು.

"ಹೋದ ವರ್ಷ ಯಾಕ ಕುದಿಸಿ ನೋಡ್ಲಿಲ್ರಿ?"

ಮುರುಗೆಪ್ಪ ಒಲೆ ಆರಿಸಿದ. ಮುದ್ರೆ ನೋಡಿ ನಂಬಿದ್ದ. ಬಾಗಿಲು ಮಂಚಗಳ ಕೆಲಸ ಮೈಮೇಲೆ ಬಿದ್ದಿದ್ದ ಆ ದಿನಗಳಲ್ಲಿ ಒಂದು ಹೊತ್ತು ಕಾಯಲು ಅವನಿಗೆ ಪುರುಸೊತ್ತು ಇರಲಿಲ್ಲ. ಆ ರಾತ್ರಿ ಹನ್ನೊಂದು ಮಂದಿ ಎಂಬ ಮಾತೇ ಕಿವಿಯಲ್ಲಿ ಕೂತಿತ್ತು.

ಮರುದಿನದಿಂದ ಮರ ಮಾರುವ ಅಡ್ಡೆ ಅಡ್ಡೆ ತಿರುಗಿದ. ಒಂದು ಕಡೆ ಸಾಗವಾನಿ ಇನ್ನೂ ಹಸಿ, ಒಣಗಿದರೆ ಬಿರಿಯುವಂಥದು. ಇನ್ನೊಂದು ಕಡೆ ಹಲಗೆಯ ಅರ್ಧ ಬರೀ ಬಿಳಿ ಭಾಗ, ಎರಡು ಮಳೆಗಾಲಕ್ಕೇ ಕೊಳೆಯುತ್ತದೆ. ಮುದ್ರೆ ಹೊಡೆದ ಪ್ಲೈ ತೋರಿಸಿದವರಿಗೆ ಕೈ ಮುಗಿದು ಹೊರಬಿದ್ದ. ಗುರುವಾರ ಕಸಬಾ ಪೇಟೆಯಲ್ಲಿ ಕೆಡವುತ್ತಿದ್ದ ಹಳೆಯ ವಾಡೆಯೊಂದರ ಸಾಗವಾನಿ ತೊಲೆ ಸಿಕ್ಕಿತು. ತುದಿ ಕೊಯ್ದು ಮೂಸಿದ. ನೂರು ವರ್ಷ ಕಳೆದರೂ ಎಣ್ಣೆಯ ವಾಸನೆ ಹೋಗಿರಲಿಲ್ಲ. ಗಂಟಿಲ್ಲ, ಹುಳವಿಲ್ಲ. ಹಳೆಯ ಮೊಳೆಗಳ ತೂತು ಬಿಟ್ಟು ಹಲಗೆ ಸೀಳಿಸಿದ. ಕಬ್ಬಿಣ ತುಕ್ಕು ಹಿಡಿದು ಮರವನ್ನೂ ತಿನ್ನುತ್ತದೆಂದು ತಾಂಬಟ ಆಳಿ ಎಂಬ ಓಣಿಯ ತಾಮ್ರದ ಕೆಲಸದವರ ಬಳಿ ಕೂತು ಮೊಳೆ ಮಾಡಿಸಿಕೊಂಡ.

ಶನಿವಾರ ಟೆಂಪೋದಲ್ಲಿ ಎಲ್ಲವನ್ನೂ ಹಾಕಿಕೊಂಡು ಹೋದ. ದೋಣಿ ದಂಡೆಯ ಮೇಲೆ ಬೋರಲಾಗಿತ್ತು. ಹಲಗೆ ಇಳಿಸುವ ಮೊದಲೇ ಬಾಯಿಬಿಟ್ಟ.

"ಕಲ್ಲಲ್ಲ ಧೋಂಡಿಬಾ. ನಾ ಹಾಕಿದ ಪ್ಲೈ ಖೊಟ್ಟಿ ಇತ್ತು. ಪರೀಕ್ಷೆ ಮಾಡ್ಲಾರ್ದ ಹಾಕಿದ್ದೆ. ತಪ್ಪು ನನ್ನದು."

ಧೋಂಡಿಬಾ ನಡುನೀರಿನ ಕಡೆ ಕೈ ತೋರಿಸಿದ.

"ಅಲ್ಲಿ ಕಲ್ಲೇ ಇಲ್ಲ. ನನಗೂ ಗೊತ್ತು. ದೋಣಿ ಖರಾಬ ಅಂದ್ರ ಮಂದಿ ಮತ್ತ ಹತ್ತತಾರೇನ್ರಿ? ಅದಕ್ಕ ಹಂಗ ಹೇಳ್ಕೋತ ಬಂದೆ." ಆಮೇಲೆ ದನಿ ಗಡುಸಾಯಿತು. "ಕೆಲಸ ಮಾಡ್ರಿ. ಮೊದಲ ಸಲ ನಾವಿಬ್ಬರ ದಾಟೋಣು."

ಹಲಗೆ ಕೂಡಿಸಿ, ಸಂದಿಗೆ ಹತ್ತಿಯ ಎಳೆ ತುರುಕಿ ರಾಳ ತುಂಬುವಷ್ಟರಲ್ಲಿ ಎರಡು ದಿನ ಕಳೆದವು. ಮೂರನೆಯ ದಿನ ಇಬ್ಬರೂ ದಾಟಿದರು. ನಡುನೀರಿನಲ್ಲಿ ಒಂದು ಸಂದು ಜಿನುಗಿತು. ಮರ ನೀರು ಕುಡಿದು ಉಬ್ಬಿದರೆ ಮುಚ್ಚಿಕೊಳ್ಳುತ್ತದೆಂದು ಗೊತ್ತಿದ್ದರೂ ಮುರುಗೆಪ್ಪ ಅಂಗೈ ಅಲ್ಲಿಂದ ತೆಗೆಯಲಿಲ್ಲ. ಮರಳಿ ಬರುವ ಹೊತ್ತಿಗೆ ಜಿನುಗು ನಿಂತಿತ್ತು.

ದಂಡೆಯಲ್ಲಿ ಕಾದಿದ್ದ ಮಂದಿ ಹತ್ತಿದರು. ಧೋಂಡಿಬಾನ ಹೆಂಡತಿ ಮಾತ್ರ ಹತ್ತಲಿಲ್ಲ. ಅಂದು ದೋಣಿಗೆ ನೀರು ನುಗ್ಗಿದಾಗ ಮೊಮ್ಮಗಳನ್ನು ತಲೆಯ ಮೇಲೆ ಎತ್ತಿ ಹಿಡಿದು ಕೂತಿದ್ದವಳು ಅವಳು. ಹೊಸ ಹಲಗೆಯನ್ನೊಮ್ಮೆ, ಮುರುಗೆಪ್ಪನನ್ನೊಮ್ಮೆ ನೋಡಿ, ಆಚೆ ದಂಡೆಗೆ ಗುಡ್ಡ ಸುತ್ತಿ ಹೋಗುವ ಕಾಲುದಾರಿ ಹಿಡಿದಳು. ಗಂಡ ಅವಳನ್ನು ಕರೆಯಲಿಲ್ಲ. ಹುಟ್ಟು ಎತ್ತಿಕೊಂಡ.