ಅಂಜನಮೂರ್ತಿ ಕೊಟ್ಟ ಜಾಗ

ಅಂಜನಮೂರ್ತಿ ನಗರಸಭೆಗೆ ಮೊದಲ ಸಲ ಗೆದ್ದದ್ದು ಒಂದೇ ಮಾತಿನಿಂದ. ರಾಮಮೂರ್ತಿ ನಗರದ ವಠಾರಗಳಿಗೆಲ್ಲ ಹೋಗಿ, “ಬಾಡಿಗೆಗಿದ್ರೇನು, ನೀವೂ ಈ ಊರೋರೇ” ಎಂದು ಕೈಮುಗಿದಿದ್ದ. ಅದಕ್ಕೂ ಮೊದಲು ಕೊತ್ತಂಬರಿ, ದಂಟು ಬೆಳೆದು ಶಿವಾಜಿನಗರದ ಮಾರ್ಕೆಟ್ಟಿಗೆ ಹಾಕುತ್ತಿದ್ದವನು. ಸೊಪ್ಪಾದರೋ ಸಂಜೆಗೆ ಬಾಡುತ್ತಿತ್ತು. ಈ ಮಾತು ಹಾಗೆ ಬಾಡುವ ಜಾತಿಯದಲ್ಲ ನೋಡಿ.

ಎರಡನೇ ಚುನಾವಣೆಗೆ ಮೂರು ವಾರವಿದ್ದಾಗ, ಒಂದು ಬೆಳಗ್ಗೆ ಪ್ರೇಮಕ್ಕ ಅವನ ಬಾಗಿಲಿಗೆ ಬಂದಳು. ಹಾವೇರಿ ಕಡೆಯವಳು, ಹಿಂದಿನ ಬೀದಿಯ ಬಾಡಿಗೆ ಮನೆಯವಳು. ಗಂಡ ಶಿವರುದ್ರಪ್ಪ ಎದೆನೋವಿನಿಂದ ತೀರಿಕೊಂಡಿದ್ದ. ಅವರಲ್ಲಿ ಹೂಳುವ ಪದ್ಧತಿ. ಹುಟ್ಟೂರಿಗೆ ಒಯ್ಯೋಣವೆಂದರೆ ಅಲ್ಲಿ ತಮ್ಮವರೆನ್ನುವವರು ಯಾರೂ ಉಳಿದಿರಲಿಲ್ಲ. ಇಲ್ಲಿನ ಸ್ಮಶಾನಕ್ಕೆ ಗುಂಡಿ ತೋಡಲು ಹೋದವರನ್ನು ಊರ ಹಿರಿಯ ಮುನಿಶಾಮಣ್ಣ ಬೈದು ಅಟ್ಟಿದ್ದ.

“ನಾವೂ ಈ ಊರವ್ರ ಅಂತ ನೀವ ಹೇಳಿದ್ರಿ ಯಜಮಾನ್ರ. ಈಗ ಇವ್ರನ್ನ ಎಲ್ಲಿಗೆ ಒಯ್ಯಲ್ರೀ?”

ಅಂಜನಮೂರ್ತಿ ನೆಟ್ಟಗೆ ಮುನಿಶಾಮಣ್ಣನ ಜಗಲಿಗೆ ಹೋದ. ಮುದುಕ ಜಗ್ಗಲಿಲ್ಲ.

“ಇವತ್ತು ಒಬ್ಬ, ನಾಳೆ ಇಡೀ ಲೇಔಟು! ಇರೋದೇ ಅಂಗೈಯಗಲ, ನಮ್ಮೋರನ್ನ ಎಲ್ಲಿ ಹಾಕ್ತೀಯ?”

“ಆಯ್ತು ಬಿಡಣ್ಣ, ನಮ್ಮಪ್ಪನ್ನ ಮಣ್ಣು ಮಾಡಿರೋ ನನ್ ಹೊಲದಲ್ಲೇ ಇಡ್ತೀನಿ.”

ಈಗಂತೂ ಮುದುಕ ಕೆಂಡವಾದ. ಕೆರೆಯ ಬದಿಯ ಆ ತುಂಡು ಹೊಲಕ್ಕೆ ಅಂಟಿಕೊಂಡೇ ಅವನ ಜಮೀನಿತ್ತು, ಸೈಟು ಮಾಡಲು ಕಲ್ಲು ನೆಟ್ಟಾಗಿತ್ತು.

“ಹೊಸ ಗೋರಿ ಪಕ್ಕ ಸೈಟು ಯಾವನೋ ತಗೋತಾನೆ? ಇಟ್ಟು ನೋಡು. ಊರೋರ ಒಂದು ಓಟೂ ನಿಂಗೆ ಬೀಳಲ್ಲ.”

ಮನೆಯಲ್ಲಿ ಹೆಂಡತಿ ಯಶೋದಮ್ಮನೂ ಅದೇ ರಾಗ ಎಳೆದಳು. “ಗೆದ್ದ ಮೇಲೆ ಎಷ್ಟು ಬೇಕಾದ್ರೂ ಧರ್ಮ ಮಾಡಿ. ಇನ್ನು ಮೂರೇ ವಾರ.”

“ಹೆಣ ಮೂರು ವಾರ ಕಾಯ್ತದೇನೇ?” ಎಂದು ಗದರಿ, ಗುದ್ದಲಿ ಹುಡುಕಿಕೊಂಡು ಹೊರಟ.

ಇಸ್ತ್ರಿ ಮಾಡಿದ ಬಿಳಿ ಅಂಗಿಯನ್ನು ಹೊಂಗೆ ಕೊಂಬೆಗೆ ಸಿಕ್ಕಿಸಿ ತಾನೇ ಅಗೆಯಲು ನಿಂತ. ಮಣ್ಣು ಮುಟ್ಟಿ ಎಷ್ಟು ಕಾಲವಾಗಿತ್ತೋ! ಬೆವರು ಇಳಿದಂತೆ ಮನಸ್ಸು ಹಗುರವಾಯಿತು. ಗುಂಡಿ ಮುಗಿಯುವ ಹೊತ್ತಿಗೆ ಪ್ರೇಮಕ್ಕನ ಕಡೆಯವರು ಬಂದು ನೋಡಿ ಮುಖ ಮುಖ ನೋಡಿಕೊಂಡರು. ತನ್ನವರನ್ನು ಮಲಗಿಸುವ ರೂಢಿಯಂತೆ ಅವನು ಉದ್ದಕ್ಕೆ ಅಗೆದಿದ್ದ.

“ನಮ್ಮಲ್ಲಿ ಕುಂದ್ರಸ್ತಾರ್ರೀ. ಚೌಕ ಬೇಕು, ಇನ್ನೂ ಆಳ ಬೇಕು.”

“ಥೂ, ನನ್ ಬುದ್ಧಿಗಿಷ್ಟು!” ಎಂದು ಅಂಜನಮೂರ್ತಿ ಮತ್ತೆ ಗುಂಡಿಗಿಳಿದ.

ಅಗೆಯುತ್ತಾ ಅಗೆಯುತ್ತಾ ಒಳಗಿನ ರಾಜಕಾರಣಿ ಎದ್ದು ಕೂತ. ಊರಿನ ಓಟು ಹೋದರೆ ಹೋಗಲಿ, ಈ ಸುದ್ದಿ ವಠಾರ ವಠಾರಕ್ಕೂ ಮುಟ್ಟುತ್ತದೆ, ಪ್ರೇಮಕ್ಕನೇ ನಾಲ್ಕು ಮನೆಗೆ ಹೇಳುತ್ತಾಳೆ. ಲೆಕ್ಕ ಹಾಕಿದ ಮೇಲೆ ಅವನಿಗೇ ನಾಚಿಕೆಯಾಯಿತು. ಆದರೂ ಲೆಕ್ಕ ನಿಲ್ಲಲಿಲ್ಲ.

ಮಧ್ಯಾಹ್ನ ವಿಭೂತಿ, ಬಿಲ್ವಪತ್ರೆಯೊಂದಿಗೆ ಶಿವರುದ್ರಪ್ಪನನ್ನು ಕೂರಿಸಿ ಮಣ್ಣು ಮುಚ್ಚಿದರು. ಎಲ್ಲರೂ ಚದುರಿದ ಮೇಲೆ ಪ್ರೇಮಕ್ಕ ಅವನ ಬಳಿ ಬಂದಳು. ತಲೆ ಎತ್ತಲಿಲ್ಲ.

“ಒಂದು ಮಾತು ಮುಚ್ಚಿಟ್ಟಿದ್ದೆ ಯಜಮಾನ್ರ. ನಮ್ಮ ಓಟು ಇಲ್ಲಿಲ್ರೀ, ಹಾವೇರಿ ಕಡೆ ನಮ್ಮೂರಾಗ ಅದ. ನಮ್ಮ ವಠಾರದಾಗ ಭಾಳ ಮಂದೀದು ಹಂಗ. ಮೊದಲ ಹೇಳಿದ್ರ ನೀವು ಜಾಗಾ ಕೊಡಂಗಿಲ್ಲ ಅಂತ ಅಂಜಿದ್ದೆ.”

ಅಂಜನಮೂರ್ತಿಯ ಲೆಕ್ಕ ತಲೆಕೆಳಗಾಯಿತು. ಊರಿನ ಓಟಂತೂ ಹೋಗಿತ್ತು, ವಠಾರದ್ದೂ ಇಷ್ಟೇ ಎಂದಮೇಲೆ ಸೋಲು ಖಾತ್ರಿ, ಅದು ಸರಿ. ಆದರೆ ಗಂಡನ ಹೆಣ ಮನೆಯಲ್ಲಿಟ್ಟುಕೊಂಡು ಬಂದವಳು ತನ್ನೆದುರು ನಿಂತಾಗಲೂ ಓಟಿಗೇ ಹೆದರಿದ್ದಳಲ್ಲ, ಅದು ಹೆಚ್ಚು ನೋಯಿಸಿತು.

“ಹೇಳಿದ್ರೂ ಕೊಡ್ತಿದ್ದೆ ಕಣಮ್ಮ” ಅನ್ನಬೇಕೆಂದು ಬಾಯಿ ತೆರೆದ. ವೇದಿಕೆಯ ಮೇಲೆ ತಡೆಯಿಲ್ಲದೆ ಮಾತಾಡುವವನಿಗೆ ಆ ಒಂದು ಮಾತು ಬರಲಿಲ್ಲ. ನಿಜವಾಗಿಯೂ ಕೊಡುತ್ತಿದ್ದನೇ? ಅವನಿಗೆ ಗೊತ್ತಿರಲಿಲ್ಲ.

“ಮೂರನೇ ದಿನದ ಕಾರ್ಯಕ್ಕೆ ಬರ್ತೀರಲ್ಲ, ಬೇಲಿ ಬಾಗಿಲು ತೆಗ್ದಿಟ್ಟಿರ್ತೀನಿ” ಎಂದಷ್ಟೇ ಹೇಳಿದ.