ಹಿಂದಕ್ಕೆ ನಾಲ್ಕು ಗೇರು

ತರಕಾರಿ ಮಾರಿ ಬದುಕಿದವರಿಗೆ ಒಂದು ವಿದ್ಯೆ ತಾನಾಗಿ ಬರುತ್ತದೆ. ಕುಂಬಳಕಾಯಿಯನ್ನು ಒಮ್ಮೆ ತಟ್ಟಿದರೆ ಸಾಕು, ಒಳಗಿನ ಸಂಗತಿ ಗೊತ್ತಾಗುತ್ತದೆ. ನಮ್ಮ ಯಜಮಾನರು ಆ ಹಳೇ ಕಾರನ್ನು ಮನೆಗೆ ಎಳೆಸಿಕೊಂಡು ಬಂದ ದಿನ ನಾನು ಅದರ ಬಾಗಿಲನ್ನೂ ಒಮ್ಮೆ ತಟ್ಟಿದೆ. ಕೈ ಒಳಗೇ ಹೋಯಿತು.

"ತುಕ್ಕು ಸ್ವಲ್ಪ ಇದೆ," ಎಂದರು ಅವರು.

"ಸ್ವಲ್ಪ ಕಾರೂ ಇದೆ," ಎಂದೆ ನಾನು.

ಅವರು ಗಡಿಯಾರ ರಿಪೇರಿ ಮಾಡುವವರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಮೂವತ್ತೈದು ವರ್ಷದಿಂದ ಅಲ್ಲಿನ ದೊಡ್ಡ ಕಿಟಕಿಯ ಕೆಳಗೆ ಮೇಜು ಹಾಕಿಕೊಂಡು, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಗಿಂತ ಸಣ್ಣ ತಿರುಪುಗಳ ಜೊತೆ ಸಂಸಾರ ಮಾಡಿದ್ದಾರೆ. ನನ್ನ ಜೊತೆ ಮಾಡಿದ್ದು ಉಳಿದ ಹೊತ್ತಿನಲ್ಲಿ. ಈಗ ಎಲ್ಲರಿಗೂ ಹೊತ್ತು ಹೇಳುವುದು ಫೋನು. ಗಿರಾಕಿಗಳು ಕಡಿಮೆಯಾದರು. ಆದರೆ ಕೆಲಸ ಕಲಿತ ಕೈ ಸುಮ್ಮನೆ ಕೂರುತ್ತದೆಯೇ?

"ಇದೂ ಗಡಿಯಾರದ ಹಾಗೇ ಕಣೇ. ಒಳಗೆಲ್ಲ ಹಲ್ಲಿನ ಚಕ್ರ. ಸ್ವಲ್ಪ ದೊಡ್ಡದು, ಅಷ್ಟೆ."

ಆ 'ಅಷ್ಟೆ'ಗೆ ಐದು ವರ್ಷ ಹಿಡಿಯಿತು.

ಬೇರೆ ಮೆಕ್ಯಾನಿಕ್ಕುಗಳು ಬಿಚ್ಚಿದ ನಟ್ಟನ್ನು ಡಬ್ಬಕ್ಕೆ ಎಸೆಯುತ್ತಾರೆ. ಇವರು ನಿಂಬೆಹಣ್ಣಿನ ಗಾತ್ರದ ನಟ್ಟನ್ನೂ ಚಿಮಟದಲ್ಲಿ ಹಿಡಿದು, ಸೀಮೆಎಣ್ಣೆಯಲ್ಲಿ ಅದ್ದಿ, ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ, ಬಿಳಿ ಬಟ್ಟೆಯ ಮೇಲೆ ಸಾಲಾಗಿ ಮಲಗಿಸಿ, ಮೇಲೊಂದು ಬಟ್ಟೆ ಹೊದಿಸುತ್ತಿದ್ದರು. ಬ್ರಷ್ಷು ಯಾರದು ಎಂದು ಕೇಳುವುದನ್ನು ನಾನು ಮೊದಲ ವರ್ಷವೇ ಬಿಟ್ಟೆ. ನನ್ನದನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗತೊಡಗಿದೆ. ಬಿಚ್ಚಿದ ಒಂದೊಂದು ಭಾಗದ ಚಿತ್ರವನ್ನೂ ಅವರು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಗಡಿಯಾರ ಬಿಚ್ಚುವಾಗಲೂ ಅದೇ ಅಭ್ಯಾಸ.

ಎದುರುಮನೆಯವರು ನಿವೃತ್ತ ಬಸ್ ಡ್ರೈವರ್. ನಾವು ಡ್ರೈವರಣ್ಣ ಎನ್ನುತ್ತೇವೆ. ದಿನಾ ಬೆಳಿಗ್ಗೆ ನಮ್ಮ ಕಾಂಪೌಂಡಿನ ಮೇಲೆ ಮೊಣಕೈ ಊರಿ ವಿಚಾರಿಸುವುದು ಅವರ ನಿತ್ಯನೇಮ.

"ಏನಣ್ಣ, ಮಗು ಅಂಬೆಗಾಲಾದ್ರೂ ಇಡ್ತಾ?"

"ಇನ್ನೇನು, ಮುಂದಿನ ತಿಂಗಳು."

"ನನ್ನ ಬಸ್ಸಿಗೆ ಕಾದು ಬೈದ ಪ್ಯಾಸೆಂಜರ್‌ಗಳನ್ನೆಲ್ಲ ಕರ್ಕೊಂಡು ಬಂದು ನಿಮ್ಮನ್ನ ತೋರಿಸ್ಬೇಕು."

ಈ ನಡುವೆ ನನ್ನ ಅಮ್ಮನ ಮಂಡಿಗಳು ಕೈಕೊಟ್ಟವು. ಅಮ್ಮ ಮೂರು ಕಿಲೋಮೀಟರ್ ಆಚೆ, ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಬಾಡಿಗೆ ಮಹಡಿಯಲ್ಲಿದ್ದಳು. ಇಪ್ಪತ್ತೆರಡು ಮೆಟ್ಟಿಲು. ಎರಡು ವರ್ಷದಿಂದ ಕೆಳಗಿಳಿದಿರಲಿಲ್ಲ. ಬುಟ್ಟಿಗೆ ಹಗ್ಗ ಕಟ್ಟಿ ಇಳಿಬಿಟ್ಟು ಸಾಮಾನು ಎಳೆದುಕೊಳ್ಳುತ್ತಿದ್ದಳು. ಪ್ರೆಸ್ಸಿನ ಹುಡುಗಿಯರು ಅದಕ್ಕೆ ಸೊಪ್ಪಿನ ಜೊತೆ ಬೀದಿಯ ಸುದ್ದಿಯನ್ನೂ ತುಂಬಿ ಕಳಿಸುತ್ತಿದ್ದರು. ಇನ್ನು ಸಾಧ್ಯವಿಲ್ಲ, ಕರೆದುಕೊಂಡು ಹೋಗಿ ಎಂದರು ಡಾಕ್ಟರು. ನಾನೊಬ್ಬಳೇ ಮಗಳು. ಆದರೆ ಎಲ್ಲಿಗೆ ಕರೆತರುವುದು? ನಮ್ಮದು ಎರಡು ಕೋಣೆಯ ಮನೆ. ಮುಂದಿನದರಲ್ಲಿ ಗಡಿಯಾರಗಳು, ಹಿಂದಿನದರಲ್ಲಿ ನಾವು. ಉಳಿದದ್ದು ಅಂಗಳದ ಶೆಡ್ಡು, ಅದರಲ್ಲಿ ಕಾರು.

"ಗುಜರಿಯವನಿಗೆ ಹೇಳಿದ್ದೀನಿ ರೀ. ಭಾನುವಾರ ಹನ್ನೆರಡಕ್ಕೆ ಟೆಂಪೋ ತರ್ತಾನೆ," ಎಂದೆ.

ಅವರ ಮುಖ ಕೀಲಿ ಮುಗಿದ ಗಡಿಯಾರದಂತಾಯಿತು.

"ಎರಡೇ ಎರಡು ಕೆಲಸ ಉಳಿದಿದೆ ಕಣೇ."

"ಐದು ವರ್ಷದಿಂದ ಎರಡೇ ಉಳಿದಿರೋದು."

ನಾನೇನೂ ಕಲ್ಲೆದೆಯವಳಲ್ಲ. ಗಂಡನ ಕಣ್ಣಲ್ಲಿ ನೀರು ನೋಡುವುದಕ್ಕಿಂತ ಒಂದು ಮಾತು ಕೊಡುವುದು ಸುಲಭ. "ಸರಿ. ಭಾನುವಾರ ಹನ್ನೆರಡು ಹೊಡೆಯೋದ್ರೊಳಗೆ, ಯಾರೂ ತಳ್ಳದೆ ಈ ಕಾರು ಹೋಗಿ ಅಮ್ಮನ್ನ ಕೂರಿಸ್ಕೊಂಡು ಬಂದ್ರೆ ಇಲ್ಲೇ ಇರ್ಲಿ. ಅಮ್ಮನಿಗೆ ನಾನು ಬೇರೆ ಜಾಗ ನೋಡ್ತೀನಿ. ಇಲ್ದಿದ್ರೆ ಗುಜರಿಗೆ."

ಬೇರೆ ಜಾಗ ಯಾವುದೆಂದು ನಾನು ಯೋಚಿಸಿರಲೇ ಇಲ್ಲ. ಯಾಕೆ ಯೋಚಿಸಬೇಕು? ಕೊಡುವ ಪ್ರಸಂಗವೇ ಬಾರದು ಎಂದು ಗೊತ್ತಿದ್ದಾಗ ಯಾರು ಬೇಕಾದರೂ ಧಾರಾಳಿಗಳೇ.

ಭಾನುವಾರ ಹತ್ತು ಗಂಟೆಗೆ ಅವರು ಒಗೆದ ಶರ್ಟು ಹಾಕಿಕೊಂಡು ಕಾರಿನಲ್ಲಿ ಕೂತು ಕೀಲಿ ತಿರುಗಿಸಿದರು. ಒಂದು ಕೆಮ್ಮು, ಎರಡು ಕೆಮ್ಮು, ಆಮೇಲೆ ಎಂಜಿನ್ನು ಹೊಲಿಗೆ ಯಂತ್ರದಂತೆ ನುಣ್ಣಗೆ ಹಾಡತೊಡಗಿತು. ನನಗೆ ಸಂತೋಷವೂ ಆಯಿತು, 'ಬೇರೆ ಜಾಗ' ಎಂಬ ಚಿಂತೆಯೂ ಹತ್ತಿತು. ಕಾಂಪೌಂಡಿನ ಆಚೆ ಡ್ರೈವರಣ್ಣನ ಬಾಯಿ ತೆರೆದದ್ದು ತೆರೆದೇ ಇತ್ತು.

ಯಜಮಾನರು ನನ್ನ ಕಡೆ ಒಂದು ನೋಟ ಬೀರಿದರು. ಮದುವೆಯ ದಿನವೂ ಅಷ್ಟು ಬೀಗಿರಲಿಲ್ಲ. ಒಂದನೇ ಗೇರು ಹಾಕಿ ಕ್ಲಚ್ಚು ಬಿಟ್ಟರು. ಶೆಡ್ಡಿನಿಂದ ಹೊರಗೆ ಬರಬೇಕಾದ ಕಾರು ಹಿಂದಕ್ಕೆ ಹೋಗಿ ನೀರಿನ ಡ್ರಮ್ಮಿಗೆ ಗುದ್ದಿತು.

"ಗೇರು ತಪ್ಪಾಗಿ ಬಿತ್ತು," ಎಂದು ಎರಡನೆಯದು ಹಾಕಿದರು. ಡ್ರಮ್ಮು ಮಗುಚಿತು.

ಅವರು ಎಂಜಿನ್ನು ಆರಿಸಿ, ಕಣ್ಣು ಮುಚ್ಚಿ, ಗಾಳಿಯಲ್ಲಿ ಎರಡೂ ಕೈಗಳನ್ನು ಹಲ್ಲುಚಕ್ರದಂತೆ ತಿರುಗಿಸುತ್ತ ಕೂತರು. ಡ್ರಮ್ಮಿನ ನೀರು ನನ್ನ ಕಾಲಡಿ ಹರಿಯುತ್ತಿತ್ತು. ಕೊನೆಗೆ ಕಣ್ಣು ತೆರೆದು, "ಅಯ್ಯೋ, ನನ್ನ ಬುದ್ಧಿಗಿಷ್ಟು!" ಎಂದರು.

ಆಗಿದ್ದು ಇಷ್ಟು. ಗಡಿಯಾರವನ್ನು ಬಿಚ್ಚುವುದು ಬೆನ್ನಿನ ಕಡೆಯಿಂದ. ಆದರೆ ಇವರು ಚಿತ್ರ ಬರೆಯುವುದು ಮುಖದ ಕಡೆಯಿಂದ ಕಂಡಂತೆ, ಎಡದ್ದನ್ನು ಬಲಕ್ಕೆ ಮಾಡಿ. ಅದು ಅವರ ಗುರುವಿನ ಕಾಲದಿಂದ ಬಂದ ಪದ್ಧತಿ. ಕಾರಿನ ಕೆಳಗೆ ಮಲಗಿ ಹಿಂದಿನ ಚಕ್ರಗಳ ನಡುವಿನ ದೊಡ್ಡ ಹಲ್ಲುಚಕ್ರವನ್ನು ಬಿಚ್ಚುವಾಗಲೂ ಕೈ ತನ್ನಷ್ಟಕ್ಕೆ ಎಡಬಲ ಮಾಡಿ ಬರೆದಿತ್ತು. ಎರಡು ವರ್ಷದ ಮೇಲೆ, ತಿರುಗಿಸಿ ಬರೆದದ್ದನ್ನು ಮರೆತು, ಮತ್ತೆ ಕೆಳಗೆ ಮಲಗಿ, ಚಿತ್ರದಲ್ಲಿ ಇದ್ದಂತೆಯೇ, ಕೂದಲೆಳೆಯಷ್ಟೂ ತಪ್ಪದೆ, ಎಡದಲ್ಲಿರಬೇಕಾದ ಚಕ್ರವನ್ನು ಬಲಕ್ಕೆ ಕೂರಿಸಿದ್ದರು. ಎಂಜಿನ್ನು ಮುಂದಕ್ಕೆ ಎಂದರೆ ಗಾಲಿ ಹಿಂದಕ್ಕೆ ಎನ್ನುತ್ತಿತ್ತು.

ಡ್ರೈವರಣ್ಣ ಕಾಂಪೌಂಡು ಹಿಡಿದುಕೊಂಡು ನಕ್ಕರು. "ಹಿಂದಕ್ಕೆ ನಾಲ್ಕು ಗೇರು, ಮುಂದಕ್ಕೆ ಒಂದು! ಇಂಥ ಗಾಡಿ ಸರ್ಕಾರಕ್ಕೆ ಮಾರಿ ಅಣ್ಣ, ಅಲ್ಲಿ ನಡೆಯುತ್ತೆ!"

"ತಿರುಗಿಸಿ ಹಾಕೋಕೆ ಎಷ್ಟು ಹೊತ್ತು?" ಎಂದು ಕೇಳಿದೆ.

"ಅವಸರ ಮಾಡಿದ್ರೆ ಒಂದು ತಿಂಗಳು."

ಅವರು ಸ್ಟೇರಿಂಗಿನ ಮೇಲೆ ಕೈ ಇಟ್ಟುಕೊಂಡು ಕೂತಿದ್ದು ನೋಡಿ ಡ್ರೈವರಣ್ಣನ ನಗು ನಿಂತಿತು. ಗಂಟಲು ಸರಿಮಾಡಿಕೊಂಡು, "ಅಲ್ಲಣ್ಣ, ರಿವರ್ಸ್ ಹಾಕಿದ್ರೆ ಮುಂದಕ್ಕೆ ಹೋಗುತ್ತಲ್ವಾ?" ಎಂದರು.

ಹತ್ತೂಕಾಲಿಗೆ ಹೊರಟೆವು. ನಾನೂ ಕೂತೆ, ಯಾರೂ ತಳ್ಳದಂತೆ ನೋಡಿಕೊಳ್ಳಬೇಕಿತ್ತಲ್ಲ. ರಿವರ್ಸ್ ಗೇರಿನ ಓಟ ಎಷ್ಟಿರುತ್ತದೆ? ಎಂಜಿನ್ನು ಊರೆಲ್ಲ ಕೇಳುವಂತೆ ಅರಚುತ್ತಿತ್ತು, ಕಾರು ಬಸುರಿಯಂತೆ ನಡೆಯುತ್ತಿತ್ತು. ಬಾಳೆಹಣ್ಣಿನ ತಳ್ಳುಗಾಡಿಯವನು ನಮ್ಮನ್ನು ದಾಟಿ ಹೋಗಿ, ನಿಂತು ವ್ಯಾಪಾರ ಮಾಡಿ, ಚಿಲ್ಲರೆ ಕೊಟ್ಟು, ಮತ್ತೆ ದಾಟಿ ಹೋದ. ಬೊಗಳುತ್ತ ಅಟ್ಟಿಸಿಕೊಂಡು ಬಂದ ನಾಯಿ ಬೇಸರಗೊಂಡು ವಾಪಸು ಹೋಯಿತು. ಪ್ರೆಸ್ಸು ಮುಟ್ಟುವಾಗ ಹನ್ನೊಂದು ಇಪ್ಪತ್ತು. ಬಾನೆಟ್ಟಿನಿಂದ ಅನ್ನದ ಪಾತ್ರೆಯಂತೆ ಹಬೆ ಏಳುತ್ತಿತ್ತು.

ಅಮ್ಮ ಒಂದೊಂದು ಮೆಟ್ಟಿಲಿನ ಮೇಲೂ ಕೂತು, ಕೂತ ಮೆಟ್ಟಿಲಿಗೆಲ್ಲ ಬೈದು, ಇಪ್ಪತ್ತೆರಡನ್ನೂ ಇಳಿದಳು. ಅಷ್ಟರಲ್ಲಿ ನಾವು ಎಂಜಿನ್ನಿಗೆ ಎರಡು ಬಕೆಟ್ ನೀರು ಕುಡಿಸಿದೆವು. ಮಂಡಿ ಮಡಚಲಾಗದ್ದರಿಂದ ಅಮ್ಮನನ್ನು ಹಿಂದಿನ ಸೀಟಿನಲ್ಲಿ ಅಡ್ಡಡ್ಡವಾಗಿ ಕಾಲು ಚಾಚಿಸಿ ಕೂರಿಸಿದೆವು. ಹನ್ನೊಂದು ನಲವತ್ತೈದು.

"ಆಗಲ್ಲ ಅತ್ತೆ," ಎಂದರು ಇವರು, ವಾಚು ನೋಡಿಕೊಂಡು. ದನಿ ಸಣ್ಣಗಾಗಿತ್ತು. "ಬರೋಕೆ ಒಂದು ಗಂಟೆ ಹಿಡೀತು. ಹನ್ನೆರಡಕ್ಕೆ ಗುಜರಿಯವನು ಕಟ್ಕೊಂಡು ಹೋಗ್ತಾನೆ."

ಅಮ್ಮ ಕಥೆಯನ್ನೆಲ್ಲ ಕೇಳಿದಳು. ಕೇಳಿ, "ಹಿಂದಕ್ಕೆ ಎಷ್ಟು ಗೇರು ಅಂದ್ರಿ?" ಎಂದಳು.

"ನಾಲ್ಕು."

"ಮತ್ತೆ ಹಿಂದಕ್ಕೇ ಹೋಗ್ರಿ ಅಳಿಯಂದ್ರೇ. ಮನೆ ಮುಟ್ಟಿದ್ರೆ ಸಾಲದಾ? ಹಿಂದಿನ ಗಾಜು ನನ್ನ ಕಡೆಗಿದೆ. ನಾನು ಹೇಳ್ತೀನಿ, ನೀವು ತಿರುಗಿಸಿ."

"ಅಮ್ಮಾ, ಸುಮ್ನಿರು!" ಎಂದೆ.

"ನೀನು ಸುಮ್ನಿರೇ. ಎರಡು ವರ್ಷ ಆದ್ಮೇಲೆ ಬೀದಿಗೆ ಇಳಿದಿದ್ದೀನಿ."

ಹಾಗೆ ಹೊರಟಿತು ನಮ್ಮ ಸವಾರಿ. ಮೊದಲನೇ ಗೇರು, ಎರಡನೇ ಗೇರು. ನಾನು ಸೀಟಿನ ಅಂಚು ಹಿಡಿದುಕೊಂಡಾಗ ಮೂರನೆಯದು. ಮುಂದಿನ ಗಾಜಿನಲ್ಲಿ ಬೀದಿ ನಮ್ಮಿಂದ ಓಡಿಹೋಗುತ್ತಿತ್ತು. ಇವರು ಕತ್ತನ್ನು ಗೂಬೆಯಂತೆ ತಿರುಗಿಸಿಕೊಂಡಿದ್ದರು. ಅಮ್ಮ ಹಿಂದಿನ ಗಾಜಿಗೆ ಮೂಗು ಒತ್ತಿ ಹುಕುಂ ಹೊರಡಿಸುತ್ತಿದ್ದಳು.

"ಎಮ್ಮೆ ಇದೆ, ನಿಧಾನ! ಹ್ಞಾಂ, ಈಗ ಹೊಡೀರಿ. ಏ ಸೈಕಲ್ಲು, ಸರಿಯೋ ಪಕ್ಕಕ್ಕೆ! ಅಯ್ಯೋ ನೋಡೇ, ಬಳೆ ಅಂಗಡಿ ಇದ್ದಲ್ಲಿ ಎಂಥ ದೊಡ್ಡ ಕಟ್ಟಡ ಬಂದಿದೆ! ಅಳಿಯಂದ್ರೇ, ಎಡಕ್ಕೆ! ಅಯ್ಯೋ ನನ್ನ ಎಡ ಅಲ್ಲ, ನಿಮ್ಮದು!"

ಹೋಗುವಾಗ ಸುತ್ತುಬಳಸಿ ತಪ್ಪಿಸಿದ್ದ ಮಾರುಕಟ್ಟೆ ಬೀದಿಯಲ್ಲಿ ಪೊಲೀಸಿನವನು ಅಡ್ಡ ನಿಂತು ಕೈ ಎತ್ತಿದ. "ವನ್ ವೇ ಕಣ್ರೀ ಇದು! ಎದುರಿಗೆ ಬರ್ತಿದ್ದೀರಲ್ಲ!"

ಅಮ್ಮ ಕಿಟಕಿಯಿಂದ ತಲೆ ಹೊರಹಾಕಿದಳು. "ಎಲ್ಲ ಗಾಡಿಗಳೂ ಯಾವ ಕಡೆ ಹೋಗ್ತಿವೆಯಪ್ಪ?"

"ಆ ಕಡೆ."

"ನಾವು?"

ಅವನು ಕಾರಿನ ಮೂತಿ ನೋಡಿದ, ಬಾಲ ನೋಡಿದ. "ಆ ಕಡೆಯೇ. ಆದ್ರೆ ಮುಖ ಈ ಕಡೆ ಇದೆಯಲ್ಲ ಅಜ್ಜಿ?"

"ಮುಖ ಎಲ್ಲಿದ್ರೇನು, ನಡತೆ ಸರಿ ಇದ್ರೆ ಸಾಲದಾ? ನಿನ್ನ ಕಾನೂನಿನಲ್ಲಿ ಮುಖಕ್ಕೆ ದಂಡ ಹಾಕ್ತೀಯಾ?"

ಅವನು ಮತ್ತೊಮ್ಮೆ ಮೂತಿ ನೋಡಲು ಆಚೆ ಹೋಗುತ್ತಲೇ ಅಮ್ಮ "ಹೊಡೀರಿ" ಎಂದಳು. ಇವರು ಹೊಡೆದರು.

ನಮ್ಮ ಗೇಟಿನ ಮುಂದೆ ಗುಜರಿಯವನು ಟೆಂಪೋ ನಿಲ್ಲಿಸಿ ಹಗ್ಗ ಬಿಚ್ಚುತ್ತಿದ್ದ. ನಾವು ಅಂಗಳಕ್ಕೆ ಬಾಲ ತೂರಿಸುವಾಗಲೇ ಮುಂದಿನ ಕೋಣೆಯ ಒಂದು ಗಡಿಯಾರ ಹನ್ನೆರಡು ಹೊಡೆಯಲು ಶುರುಮಾಡಿತು. ಅದು ಮುಗಿಯುವ ಮೊದಲು ಇನ್ನೊಂದು. ಆಮೇಲೆ ಮತ್ತೆರಡು. ರಿಪೇರಿಗೆ ಬಂದ ಗಡಿಯಾರಗಳಲ್ಲವೇ, ಒಂದಕ್ಕೊಂದು ಮಾತು ಬಿಟ್ಟಿದ್ದವು.

"ಹನ್ನೆರಡು ಆಯ್ತಕ್ಕ," ಎಂದ ಗುಜರಿಯವನು.

"ಆಗಿಲ್ಲ! ಅದು ಮುಂದಿದೆ," ಎಂದು ಇವರು ಕತ್ತು ಸೊಟ್ಟಗಿಟ್ಟುಕೊಂಡೇ ಇಳಿದರು. ಇಳಿದ ಮೇಲೂ ಅದು ನೆಟ್ಟಗಾಗಲಿಲ್ಲ. "ಸರಿಯಾದದ್ದು ಇನ್ನೂ ಹೊಡೆದಿಲ್ಲ." ಐದನೆಯದು ಹೊಡೆಯಿತು. "ಹ್ಞಾಂ, ಇದು."

ಎಲ್ಲರೂ ನನ್ನ ಮುಖ ನೋಡಿದರು. ಕಾರು ಹೋಗಿತ್ತು, ಬಂದಿತ್ತು, ಯಾರೂ ತಳ್ಳಿರಲಿಲ್ಲ. ಹೊತ್ತಿನ ವಿಷಯದಲ್ಲಿ ಗಡಿಯಾರದವರ ಜೊತೆ ವಾದ ಮಾಡಿ ಗೆದ್ದವರಿಲ್ಲ. ತೂಕಕ್ಕೆ ಹಾಕಿದ ಮೇಲೆ ತಕ್ಕಡಿ ಎತ್ತಿಕೊಂಡು ಓಡುವ ವ್ಯಾಪಾರ ನಾನು ಎಂದೂ ಮಾಡಿಲ್ಲ.

"ಕಾರು ಇರ್ಲಿ," ಎಂದೆ.

ಇವರ ಮುಖ ಅರಳಿ, ಆಮೇಲೆ ಅನುಮಾನಕ್ಕೆ ತಿರುಗಿತು. "ಮತ್ತೆ ಅತ್ತೆಗೆ? ಬೇರೆ ಜಾಗ ನೋಡ್ತೀನಿ ಅಂದಿದ್ಯಲ್ಲ?"

ನಾನು ಶೆಡ್ಡಿನ ಕಡೆ ನೋಡಿದೆ. ನಾಲ್ಕು ಗೋಡೆ, ಕಿಟಕಿ ಇಲ್ಲ. ಕಾರಿನ ಕಡೆ ನೋಡಿದೆ. ಅಮ್ಮ ಇನ್ನೂ ಗಾಜಿಗೆ ಮುಖ ಒತ್ತಿಕೊಂಡು, ಬೀದಿಯಲ್ಲಿ ಹೋಗುವ ಒಬ್ಬೊಬ್ಬರನ್ನೂ ಹಸಿದವಳಂತೆ ನೋಡುತ್ತಿದ್ದಳು. ಇವಳನ್ನು ನಾನು ಆ ಕತ್ತಲೆಗೆ ಸೇರಿಸಲು ಹೊರಟಿದ್ದೆನೇ? ನನ್ನ ಬುದ್ಧಿಯ ಚಕ್ರವನ್ನೂ ಯಾರೋ ಬಲಕ್ಕೆ ಕೂರಿಸಿದ್ದರು.

"ನೋಡಿದ್ದೀನಿ," ಎಂದೆ. "ಮುಂದಿನ ಕೋಣೆ."

"ಅದು ನನ್ನದು!"

"ಕಾರು ಇರುತ್ತೆ ಅಂದಿದ್ದೆ. ಅದರ ಜೊತೆ ಕೋಣೆಯೂ ಇರುತ್ತೆ ಅಂದಿದ್ನಾ? ಅಮ್ಮನಿಗೆ ಬೀದಿ ಕಾಣೋ ಕಿಟಕಿ ಬೇಕು ರೀ. ನಿಮ್ಮ ಮೇಜು ಶೆಡ್ಡಿಗೆ, ಕಾರಿನ ಪಕ್ಕಕ್ಕೆ. ಬೇಡ ಅಂದ್ರೆ ಹೇಳಿ, ಈಯಪ್ಪ ಹಗ್ಗ ಹಿಡ್ಕೊಂಡೇ ನಿಂತಿದ್ದಾನೆ."

ಅದು ಅವರು ಮೂವತ್ತೈದು ವರ್ಷ ಕೂತ ಜಾಗ. ಮೇಜಿನ ಅಂಚು ಅವರ ಮೊಣಕೈ ಇಟ್ಟು ಇಟ್ಟು ತಗ್ಗಾಗಿದೆ. ಅದು ನನಗೂ ಗೊತ್ತು. ಅವರು ಕಿಟಕಿಯ ಕಡೆ ನೋಡಿದರು. ಕಾರಿನೊಳಗಿದ್ದ ಅತ್ತೆಯ ಕಡೆ ನೋಡಿದರು.

"ನನಗೆ ಬೆಳಕು ಎಡಗಡೆಯಿಂದ ಬೀಳ್ಬೇಕು."

"ಶೆಡ್ಡಿನ ಎಡಗೋಡೆ ಒಡೆಸಿ ಕಿಟಕಿ ಇಡಿಸ್ತೀನಿ. ಯಾವುದು ಎಡ ಅಂತ ಮಾತ್ರ ನೀವು ಹೇಳ್ಬೇಡಿ, ಗಾರೆಯವನೇ ನೋಡ್ಲಿ."

ಡ್ರೈವರಣ್ಣ ಮುಖ ತಿರುಗಿಸಿಕೊಂಡು ಕೆಮ್ಮಿದರು. ಇವರಿಗೂ ನಗು ಬಂತು. ಸೊಟ್ಟ ಕತ್ತಿನ ಮೇಲೆ ಅದೂ ಸೊಟ್ಟಗೇ ಬಂತು. "ಆಯ್ತು," ಎಂದರು.

"ಅಮ್ಮಾ, ಇಳಿ. ನಿನ್ನ ಕೋಣೆ ತೋರಿಸ್ತೀನಿ," ಎಂದೆ.

"ಕೋಣೆ ಎಲ್ಲಿಗೂ ಓಡಿಹೋಗಲ್ಲ," ಎಂದಳು ಅಮ್ಮ. "ಮೇಜು ಎತ್ತೋವರೆಗೆ ನಾನೇನು ಅಂಗಳದಲ್ಲಿ ಕಂಬದ ಹಾಗೆ ನಿಂತಿರ್ಬೇಕಾ? ಅಳಿಯಂದ್ರೇ, ಕೂತ್ಕೊಳ್ಳಿ. ಕೆರೆ ಕಡೆಯಿಂದ ಒಂದು ಸುತ್ತು."

ಬಂದ ಹಾಗೆಯೇ ಹೋಗಬೇಕಾದರೆ ಮೊದಲು ಕಾರಿನ ಬಾಲ ಬೀದಿಗೆ ತಿರುಗಬೇಕು. ಅದಕ್ಕೆ ಹತ್ತು ನಿಮಿಷ, ಡ್ರೈವರಣ್ಣನ ಸಲಹೆಗಳು, ಮತ್ತು ನನ್ನ ಒಂದು ಹೂಕುಂಡ ಬೇಕಾದವು. ಆಮೇಲೆ ಅತ್ತೆ ಅಳಿಯ ಇಬ್ಬರೂ ಹೊರಟರು. ಅಮ್ಮನ ಒಂದು ಕೈ ಕಿಟಕಿಯ ಹೊರಗಿತ್ತು, ಜನರನ್ನು ಪಕ್ಕಕ್ಕೆ ಸರಿಸುತ್ತ.

ಗುಜರಿಯವನು ಹಗ್ಗ ಸುತ್ತುತ್ತ, "ನನಗೆ ಏನೂ ಇಲ್ವಾ ಅಕ್ಕ?" ಎಂದ.

"ಇದೆ ಬಾ," ಎಂದೆ. ಮುಂದಿನ ಕೋಣೆಯ ಮೇಜಿನ ಒಂದು ತುದಿಯನ್ನು ಅವನಿಗೆ ಹಿಡಿಸಿದೆ, ಇನ್ನೊಂದನ್ನು ಡ್ರೈವರಣ್ಣನಿಗೆ. ತೇಗದ ಮೇಜು, ನನ್ನ ಗಂಡನಿಗಿಂತ ಭಾರ. ಅಲ್ಲೇ ಆರನೇ ಗಡಿಯಾರ ಆಗ ಹನ್ನೆರಡು ಹೊಡೆಯತೊಡಗಿತು. ಅದು ನಿಲ್ಲುವವರೆಗೆ ಕಾದು, ನಾನು ನಡುವೆ ಕೈ ಕೊಟ್ಟು ಎತ್ತಿದೆ.