ಬಾಗಿನದ ಬಾಚಣಿಗೆ

ನನ್ನನ್ನು ಕೊಯ್ದ ಬಡಗಿ ದಿನವೊಂದಕ್ಕೆ ನನ್ನಂಥವರನ್ನು ರಾಶಿರಾಶಿ ಮಾಡಿ ಎಸೆಯುತ್ತಿದ್ದ. ಅಂಗೈಯಗಲದ ಮರದ ಚೂರು, ಎರಡೂ ಬದಿಗೆ ಗರಗಸದ ಗೀರು, ಅಲ್ಲಿಗೆ ನನ್ನ ಜನನ ಮುಗಿಯಿತು. ಹಲ್ಲುಗಳಿಗೆ ಉಜ್ಜುಕಾಗದ ತಾಗಿಸುವಷ್ಟು ಪುರಸೊತ್ತೂ ಅವನಿಗಿರಲಿಲ್ಲ. "ಬಾಗಿನಕ್ಕೆ ಹೋಗೋದು ತಾನೆ, ಇದ್ರಲ್ಲಿ ಯಾರು ತಲೆ ಬಾಚ್ತಾರೆ?" ಎಂದು ಅವನು ಹೆಂಡತಿಗೆ ಹೇಳಿದ್ದೇ ನಾನು ಕೇಳಿದ ಮೊದಲ ಮಾತು. ಬಾಚಣಿಗೆಯಾಗಿ ಹುಟ್ಟಿದ ನನಗೆ ಅದು ಶಾಪದಂತೆ ಕೇಳಿಸಿತು.

ಶಾಪ ಫಲಿಸಿತು ಕೂಡ. ಮೈಸೂರಿನಲ್ಲಿ ಪೂಜೆ ಸಾಮಾನು ಮಾರುವ ಗ್ರಂಥಿಗೆ ಅಂಗಡಿಯೊಂದರಲ್ಲಿ ಕರಿಮಣಿ, ಬಿಚ್ಚೋಲೆ, ಪುಟ್ಟ ಕನ್ನಡಿಗಳ ಜೊತೆ ನನ್ನನ್ನು ಪೊಟ್ಟಣ ಕಟ್ಟಿದರು. ಗೌರಿ ಹಬ್ಬಕ್ಕೆ ಮೊರದೊಳಗೆ ಕೂತೆ. ಬಾಗಿನ ಪಡೆದಾಕೆ ಬೇಳೆ, ಬೆಲ್ಲವನ್ನು ಅಡುಗೆಗೆ ತೆಗೆದುಕೊಂಡು, ನನ್ನನ್ನು ಮುಂದಿನ ವರ್ಷ ಇನ್ನೊಬ್ಬರಿಗೆ ಕೊಡಲು ಜೋಪಾನವಾಗಿ ಎತ್ತಿಟ್ಟಳು. ಆ ಇನ್ನೊಬ್ಬಾಕೆಯೂ ಅಷ್ಟೇ ಜಾಣೆ. ಎಷ್ಟು ಮುತ್ತೈದೆಯರ ಕೈ ದಾಟಿದೆನೋ, ಒಬ್ಬರ ಜಡೆಯನ್ನೂ ಮುಟ್ಟಲಿಲ್ಲ. ಹಲ್ಲಿದ್ದವರಿಗೆ ಕಡಲೆಯಿಲ್ಲ ಅನ್ನುತ್ತಾರಲ್ಲ, ನನಗೋ ಎರಡು ಸಾಲು ಹಲ್ಲು! ಬಗ್ಗಿ ನಮಸ್ಕರಿಸುವವರ ಬೈತಲೆಗಳನ್ನು ಮೊರದಿಂದ ನೋಡಿ ಆಸೆಪಡುವುದಷ್ಟೇ ನನ್ನ ಪಾಲಿಗೆ ಬಂದದ್ದು.

ಹೀಗೆ ಸುತ್ತುತ್ತಾ ಜವರಮ್ಮನ ಮನೆ ಸೇರಿದೆ. ಜವರಮ್ಮ ಹೂ ಕಟ್ಟಿ ಮಾರುವವಳು. ಗಂಡನೂ ಮಗನೂ ಒಂದೇ ಲಾರಿಯಲ್ಲಿ ಊರೂರು ಸುತ್ತುವವರಾದ್ದರಿಂದ ಮನೆಯಲ್ಲಿ ಇರುತ್ತಿದ್ದದ್ದು ಅವಳು ಮತ್ತು ಹೊಸದಾಗಿ ಬಂದ ಸೊಸೆ ಶಶಿಕಲಾ. ಮಾರಾಟಕ್ಕೆ ಹೊರಡುವ ಮೊದಲು ಜವರಮ್ಮ ದಿನಾ ಒಂದು ಮೊಳ ಮಲ್ಲಿಗೆ ಕತ್ತರಿಸಿ ಸೊಸೆಗೆಂದು ಎತ್ತಿಡುತ್ತಿದ್ದಳು. ಮರುದಿನ ಬೆಳಿಗ್ಗೆ ನೋಡಿದರೆ ಅದು ದೇವರ ಪಟದ ಮೇಲೆ ಬಾಡಿರುತ್ತಿತ್ತು. ಎಣ್ಣೆ ಹಚ್ಚಿ ನೀರು ಹಾಕುತ್ತೇನೆ ಬಾ ಎಂದರೆ ಶಶಿಕಲಾ "ಆಮೇಲೆ ಅತ್ತೆ" ಅನ್ನುವಳು. ಆ ಆಮೇಲೆ ಬರುತ್ತಲೇ ಇರಲಿಲ್ಲ.

"ಊರೆಲ್ಲಾ ನನ್ ಹೂವ ಮುಡೀತದೆ, ನನ್ ಸೊಸೆಗೆ ಮಾತ್ರ ಬ್ಯಾಡ. ಬೀದೀಲಿ ಕೂತು ಮಾರೋಳ ಹೂವಲ್ವಾ!" ಎಂದು ಜವರಮ್ಮ ಪಕ್ಕದ ಮನೆಯವಳ ಹತ್ತಿರ ಕಣ್ಣೊರೆಸಿಕೊಂಡಳು. ಒಳಗಿದ್ದ ಶಶಿಕಲಾಗೂ ಅದು ಕೇಳಿಸಿತು. 

ನಿಜ ಸಂಗತಿ ನನಗೆ ಮಾತ್ರ ಗೊತ್ತು. ಶಶಿಕಲಾಳ ತಲೆಯಲ್ಲಿ ವಿಪರೀತ ಹೊಟ್ಟು. ಉದುರಿದರೆ ಕಾಣುತ್ತದೆಂದು ಕೊಬ್ಬರಿ ಎಣ್ಣೆ ಸುರಿದು ಮೆತ್ತುತ್ತಿದ್ದಳು. ತೊಳೆದರೆ ಇನ್ನಷ್ಟು ಏಳುತ್ತದೆಂದು ತಲೆಗೆ ನೀರು ಹಾಕುವುದನ್ನೇ ಮುಂದಕ್ಕೆ ತಳ್ಳುತ್ತಿದ್ದಳು. ಹೂ ಮುಡಿದರೆ ಎಲ್ಲರ ಕಣ್ಣು ತಲೆಯ ಮೇಲೇ ಬೀಳುತ್ತದೆಂದು ಮಲ್ಲಿಗೆಯನ್ನು ಪಟಕ್ಕೆ ಏರಿಸುತ್ತಿದ್ದಳು. "ತವರಲ್ಲಿ ಅಕ್ಕನೇ ಅಂಟ್ಕೊತದೆ ಅಂತ ಚಾಪೆ ದೂರ ಎಳ್ಕೊಂಡ್ಲು. ಇನ್ನು ಅತ್ತೆ ಬುಡ್ತಾರಾ?" ಎಂದು ಕನ್ನಡಿಯ ಮುಂದೆ ಒಬ್ಬಳೇ ಗೊಣಗುವಳು. ಉಗುರಿಗೆ ಬಗ್ಗದ ತುರಿಕೆ ಎದ್ದ ಒಂದು ಸಂಜೆ, ಅತ್ತೆ ಬೀದಿ ತಿರುಗಿದ್ದೇ ತಡ, ಬಾಗಿನದ ಸಾಮಾನಿಟ್ಟಿದ್ದ ತಗಡಿನ ಡಬ್ಬಿ ತೆರೆದು ನನ್ನನ್ನು ಎತ್ತಿಕೊಂಡಳು.

ಅಬ್ಬಾ, ಆ ಗಳಿಗೆ! ಕೊನೆಗೂ ಕೂದಲು! ಬೆಚ್ಚಗಿನ ನೆತ್ತಿ, ಎಣ್ಣೆಯ ವಾಸನೆ, ಹಲ್ಲುಗಳ ನಡುವೆ ಕರಿ ಎಳೆಗಳು. ಜನ್ಮ ಸಾರ್ಥಕವಾಯಿತೆಂದು ಹಿಗ್ಗಿದೆ. ಗೀರಿದಷ್ಟೂ ಬಿಳಿ ಪುಡಿ ಉದುರಿತು, ಒರಟು ಹಲ್ಲು ತಾಗಿ ಅಲ್ಲಲ್ಲಿ ನೆತ್ತರು ಜಿನುಗಿತು. ಅವಳಿಗೆ ಆ ಹೊತ್ತಿಗೆ ಹಾಯೆನಿಸಿದರೂ ಮರುದಿನ ತುರಿಕೆ ಇಮ್ಮಡಿಯಾಗುತ್ತಿತ್ತು. ಮತ್ತೆ ನಾನೇ ಬೇಕಾಗುತ್ತಿದ್ದೆ. ಸೆರಗಿನಲ್ಲಿ ಒರೆಸಿ ಡಬ್ಬಿಯೊಳಗಿಟ್ಟರೆ, ನಾನು ಕತ್ತಲಲ್ಲಿ ಮುಂದಿನ ಸಂಜೆಗಾಗಿ ಕಾಯುತ್ತಿದ್ದೆ.

ಮತ್ತೆ ಗೌರಿ ಹಬ್ಬ ಬಂತು. ನಾದಿನಿಗೆ ಬಾಗಿನ ಜೋಡಿಸಲು ಜವರಮ್ಮ ಡಬ್ಬಿ ತೆರೆದಳು. ನನ್ನನ್ನು ಮುಟ್ಟಿದರೆ ಬೆರಳಿಗೆ ಜಿಡ್ಡು. ಬೆಳಕಿಗೆ ಹಿಡಿದು ನೋಡಿದಳು. ಹಲ್ಲಿನ ಬುಡದಲ್ಲಿ ಹೊಟ್ಟು, ಒಣಗಿದ ನೆತ್ತರು, ಒಂದು ಉದ್ದನೆಯ ಕೂದಲು. ಬಳಸಿದ ಬಾಚಣಿಗೆಯನ್ನು ಬಾಗಿನಕ್ಕೆ ಇಡುವುದುಂಟೇ? ಇವತ್ತು ಮನೆಯ ಸೂರೇ ಹಾರಿಹೋಗುತ್ತದೆ ಅಂದುಕೊಂಡೆ. ಶಶಿಕಲಾ ಬಾಗಿಲಲ್ಲಿ ಬಿಳಿಚಿಕೊಂಡು ನಿಂತಿದ್ದಳು. ಜವರಮ್ಮ ಅವಳ ತಲೆಯ ಕಡೆಗೊಮ್ಮೆ, ಪಟದ ಮೇಲಿನ ಬಾಡಿದ ಮಲ್ಲಿಗೆಯ ಕಡೆಗೊಮ್ಮೆ ನೋಡಿದಳು.

"ಇದಕ್ಕಾ ಮಗ, ನೀನು ಹೂವ ಮುಡೀದೆ ಇದ್ದಿದ್ದು?"

"ಹತ್ರ ಬರ್ಬ್ಯಾಡಿ ಅತ್ತೆ, ಅಂಟ್ಕೊತದೆ."

"ಅಂಟ್ಕೊಂಡ್ರೆ ಅಂಟ್ಕೊಳ್ಲಿ, ಬಾ ಇಲ್ಲಿ" ಎಂದು ಜವರಮ್ಮ ಆ ಎಣ್ಣೆತಲೆಯನ್ನು ತನ್ನ ಹಬ್ಬದ ಸೀರೆಯ ಮಡಿಲಿಗೆ ಎಳೆದುಕೊಂಡಳು. ಶಶಿಕಲಾ ಬಿಕ್ಕಿಬಿಕ್ಕಿ ಅತ್ತಳು.

ಹಬ್ಬ ಕಳೆದ ಮೇಲೆ ಚರ್ಮದ ಡಾಕ್ಟರಮ್ಮನ ಹತ್ತಿರ ಹೋದರು. ಜವರಮ್ಮ ಚೀಲದಿಂದ ನನ್ನನ್ನೂ ತೆಗೆದು ತೋರಿಸಿದಳು. "ಇದು ಬಾಚಣಿಗೆ ಅಲ್ಲಮ್ಮ, ಗರಗಸ!" ಎಂದು ಡಾಕ್ಟರಮ್ಮ ನಕ್ಕರು. ಇದು ಅಂಟುವ ರೋಗವಲ್ಲ, ಕೊಳಕೂ ಅಲ್ಲ, ನಾಚಿಕೆಪಡುವಂಥದ್ದೇನಿಲ್ಲ ಎಂದರು. ಎಣ್ಣೆ ಮೆತ್ತಬೇಡಿ, ಕೆರೆಯಬೇಡಿ; ಔಷಧಿ ಶಾಂಪೂವನ್ನು ವಾರಕ್ಕೆರಡು ಸಲ ಕೂದಲ ಬುಡಕ್ಕೆ ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯಿರಿ ಎಂದು ಹೇಳಿ ಕಳಿಸಿದರು. ಅವತ್ತಿನಿಂದ ಅತ್ತೆಯೇ ಬಚ್ಚಲಲ್ಲಿ ಕೂರಿಸಿ ಹಚ್ಚತೊಡಗಿದಳು. ಗಡಿಯಾರದ ಗೊಡವೆ ಅವಳಿಗಿಲ್ಲ. ಬಚ್ಚಲ ಬಾಗಿಲಲ್ಲಿ ಕೂತು ಒಂದು ಮಾರು ಹೂ ಕಟ್ಟಿ, "ಆಯ್ತು, ತೊಳ್ಕೊ" ಅನ್ನುವಳು. ಸೊಸೆಗೆಂದು ಅಗಲ ಹಲ್ಲಿನ ನೀಲಿ ಬಾಚಣಿಗೆ ಬಂತು. ಹೊಟ್ಟು ಮೆಲ್ಲಗೆ ಇಳಿಯಿತು.

ನಾನು ಬಾಗಿನಕ್ಕೂ ಸಲ್ಲದೆ ತಲೆಗೂ ಸಲ್ಲದೆ ಕಿಟಕಿಯಲ್ಲಿ ಬಿದ್ದಿದ್ದೆ. ಅಲ್ಲಿಂದ ಅವಳ ಕೂದಲು ಕಾಣುತ್ತಿತ್ತು. ತೊಳೆದು ಹರವಿದಾಗ ಬಿಸಿಲಲ್ಲಿ ಮಿಂಚುತ್ತಿತ್ತು. ಅವಳಿಗೆ ಗಾಯ ಮಾಡಿದ್ದು ನಾನೇ ಎಂದು ಗೊತ್ತಿದ್ದರೂ ಆಸೆ ಸಾಯಲಿಲ್ಲ. ಒಂದೇ ಒಂದು ಸಲ, ಮೆಲ್ಲಗೆ, ತುದಿಯಷ್ಟೇ ಮುಟ್ಟುತ್ತೇನೆ ಎಂದು ಬೇಡಿಕೊಳ್ಳುತ್ತಿದ್ದೆ. ಮರದ ಮಾತು ಯಾರಿಗೆ ಕೇಳಿಸುತ್ತದೆ?

ಜವರಮ್ಮನಿಗೆ ವಯಸ್ಸಾಯಿತು. ನೆನೆಸಿದ ಬಾಳೆನಾರನ್ನು ಸೀಳಲು ಉಗುರು ಸೋಲತೊಡಗಿತು. ಒಂದು ದಿನ ಸುಮ್ಮನೆ ನನ್ನನ್ನು ಎತ್ತಿಕೊಂಡು ನಾರಿನ ಮೇಲೆಳೆದಳು. ಪಟ್ಟಿ ನಾರು ಸಣ್ಣ ಎಳೆಗಳಾಗಿ ಬಿಡಿಸಿಕೊಂಡಿತು. "ನಿಂಗೆ ಇದೇ ಸರಿಯಾದ ಕೆಲ್ಸ ಕಣ್ಲಾ" ಎಂದು ನಕ್ಕು ನನ್ನನ್ನು ಹೂವಿನ ಬುಟ್ಟಿಗೆ ಹಾಕಿಕೊಂಡಳು.

ಈಗ ನನ್ನ ಹಲ್ಲುಗಳು ಅರ್ಧಕ್ಕರ್ಧ ಉದುರಿವೆ. ನಾರು ಕೂದಲಿನ ಹಾಗೆಯೇ ಉದ್ದ, ಆದರೆ ತಣ್ಣಗೆ. ಅದನ್ನು ಬಾಚುವಾಗಲೆಲ್ಲ ಆ ಬೆಚ್ಚಗಿನ ನೆತ್ತಿಯ ನೆನಪಾಗುತ್ತದೆ. ಸಂಜೆ ಜವರಮ್ಮ ಮಲ್ಲಿಗೆ ಮೊಳ ಹಾಕುತ್ತಾಳೆ. ಶಶಿಕಲಾ ಬೆನ್ನು ಕೊಟ್ಟು ಕೂರುತ್ತಾಳೆ. ಹೂವಿನ ಜೊತೆ ನಾರೂ ಸ್ವರ್ಗ ಸೇರುತ್ತದಂತೆ. ನಾರು ಬಾಚಿದವರ ಮಾತು ಆ ಗಾದೆಯಲ್ಲಿಲ್ಲ. ನನ್ನ ಹಲ್ಲುಗಳ ನಡುವೆ ಹಾದುಹೋದ ಎಳೆ ಅವಳ ಮುಡಿ ಸೇರುವುದನ್ನು ನಾನು ಬುಟ್ಟಿಯಲ್ಲಿ ಕೂತು ನೋಡುತ್ತೇನೆ.